ಗಿಟಾರ್ ಬಾಡಿಗೆ ಸ್ವರ್ಲ್ ಪೇಂಟ್: ಬಣ್ಣ ತೇಲುತ್ತಿಲ್ಲ, ಮುದ್ದೆಯಾಗಿ ಮುಳುಗುತ್ತಿದೆ

ಆರನೇ ತಂತಿ, ಮಡಿಕೇರಿ:

ಸಿಲ್ವರ್ ಓಕ್ ಹಲಗೆಯಲ್ಲಿ ಕೊರೆದ ಸ್ಟ್ರಾಟ್ (ಫೆಂಡರ್ ಸ್ಟ್ರಾಟೋಕಾಸ್ಟರ್ ಗಿಟಾರ್) ಆಕಾರದ ಬಾಡಿ ಇದೆ. ಉದ್ದ 40 ಸೆಂ.ಮೀ., ಅಗಲ 32, ದಪ್ಪ ನಾಲ್ಕೂವರೆ. ಮರದ ಸಣ್ಣ ರಂಧ್ರ ಮುಚ್ಚಿ, ಬಿಳಿ ಪ್ರೈಮರ್ ಎರಡು ಕೋಟ್ ಹೊಡೆದು 400 ನಂಬರ್ ಪೇಪರಿನಲ್ಲಿ ಉಜ್ಜಿ ಆಗಿದೆ. 1990ರಲ್ಲಿ ಬಂದ ಐಬನೆಜ್ ಯೂನಿವರ್ಸ್ ಏಳು ತಂತಿಯ ಗಿಟಾರಿನ ಮೇಲೆ ಇತ್ತಲ್ಲ, ಆ ತರಹದ ಸುಳಿ ಸುಳಿ ಬಣ್ಣ ಬೇಕು. ನೀರಿನ ಮೇಲೆ ಎನಾಮೆಲ್ ತೇಲಿಸಿ ಬಾಡಿಯನ್ನು ಅದ್ದುವ ಕ್ರಮ ಗೊತ್ತು. ಆದರೆ ಪ್ಲೈವುಡ್ ಚೂರಿನ ಮೇಲೆ ಮಾಡಿ ನೋಡಿದರೆ ಬಣ್ಣ ಹರಡುವುದೇ ಇಲ್ಲ. ಬೊಟ್ಟು ಬೊಟ್ಟಾಗಿ ನಿಂತು, ಅರ್ಧ ತಳಕ್ಕೆ ಹೋಯಿತು.

ಬಳಸಿದ್ದು: 200 ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್, ಬಟ್ಟೆ ಸೋಪಿನ ಪುಡಿ ಹಾಕಿ ಚೆನ್ನಾಗಿ ತೊಳೆದದ್ದು. ಟ್ಯಾಂಕಿನ ನೀರು, ಬೆಳಗ್ಗೆ ಏಳು ಗಂಟೆಗೆ. ಸಾದಾ ಸಿಂಥೆಟಿಕ್ ಎನಾಮೆಲ್, ಬಿಳಿ, ಕಪ್ಪು, ಹಸಿರು, ನೇರಳೆ. ನೀರಿಗೆ ಹಾಕುವ ಬಿಳಿಗಾರ (ಬೋರಾಕ್ಸ್) ಸಿಗಲಿಲ್ಲ ಅಂತ ಕೇರಂ ಬೋರ್ಡಿನ ಪೌಡರ್ ನಾಲ್ಕು ಚಮಚ ಹಾಕಿದೆ. ಎರಡೂ ಬೋರಾನೇ ತಾನೆ?

ಎಲ್ಲಿ ಎಡವಿದೆ ಹೇಳಿ. ಮಳೆ ಹಿಡಿಯುವ ಮೊದಲು ಮುಗಿಸಬೇಕು.

ಮರದಪುಡಿ, ಗೋಣಿಕೊಪ್ಪ:

ನಿಮ್ಮ ಪೋಸ್ಟಿನಲ್ಲೇ ಮೂರು ಕಾರಣ ಇವೆ. ಕೆಡಿಸಲು ಒಂದೇ ಸಾಕಿತ್ತು.

ಮೊದಲನೆಯದು ಸೋಪು. ಎನಾಮೆಲ್ ನೀರಿಗಿಂತ ಹಗುರ ಅಂತ ತೇಲುವುದಲ್ಲ. ಬಿಳಿ ಎನಾಮೆಲ್ಲಿಗೆ ಬಣ್ಣ ಕೊಡುವ ಟೈಟಾನಿಯಂ ಡೈಆಕ್ಸೈಡ್ ನೀರಿಗಿಂತ ನಾಲ್ಕು ಪಟ್ಟು ಭಾರ. ಹಾಗಾಗಿ ಡಬ್ಬದೊಳಗಿನ ಬಿಳಿ ಬಣ್ಣವೂ ನೀರಿಗಿಂತ ಭಾರವೇ. ಅದನ್ನು ಎಳೆದು ತೆಳ್ಳಗೆ ಹರಡಿಸಿ ಮೇಲೆ ಹಿಡಿದುಕೊಳ್ಳುವುದು ನೀರಿನ ಮೇಲ್ಮೈ ಎಳೆತ. ಸೋಪಿನ ಅಂಶ ಚೂರು ಉಳಿದರೂ ಆ ಎಳೆತ ಸತ್ತು ಹೋಗುತ್ತದೆ, ಬಣ್ಣ ಬೊಟ್ಟಾಗಿ ಕೂರುತ್ತದೆ. ಡ್ರಮ್ಮನ್ನು ಬರೀ ನೀರಲ್ಲಿ ಐದಾರು ಸಲ ತುಂಬಿ ಚೆಲ್ಲಿ. ಪರೀಕ್ಷೆ ಬೇಕಾದರೆ ಮನೆಯಲ್ಲೇ ಇದೆ: ಡ್ರಮ್ಮಿನ ನೀರು ಒಂದು ಬಟ್ಟಲಲ್ಲಿ ತೆಗೆದು ಚಿಟಿಕೆ ಕಾಳುಮೆಣಸಿನ ಪುಡಿ ಉದುರಿಸಿ. ಶುದ್ಧ ನೀರಾದರೆ ಪುಡಿ ಮೇಲೆಯೇ ನಿಲ್ಲುತ್ತದೆ. ಸೋಪಿದ್ದರೆ ಇಳಿಯಲು ಶುರು. ಬಟ್ಟಲನ್ನೂ ಸೋಪಿನಲ್ಲಿ ತೊಳೆದದ್ದು ತರಬೇಡಿ ಮತ್ತೆ.

ಎರಡನೆಯದು ಚಳಿ. ಮಡಿಕೇರಿಯ ಬೆಳಗಿನ ಟ್ಯಾಂಕ್ ನೀರು ಮುಟ್ಟಿದರೆ ಕೈ ಮರಗಟ್ಟುತ್ತದೆ, ಎನಾಮೆಲ್ಲಿಗೂ ಅಷ್ಟೇ. ತಣ್ಣೀರಲ್ಲಿ ಅದು ಮಂದವಾಗುತ್ತದೆ, ಹರಡುವ ಮೊದಲೇ ನಿಂತುಬಿಡುತ್ತದೆ. ನೀರು 24ರಿಂದ 26 ಡಿಗ್ರಿ ಇರಲಿ. 30 ದಾಟಿದರೆ ಇನ್ನೊಂದು ಕಷ್ಟ, ಟರ್ಪೆಂಟೈನ್ ಬೇಗ ಹಾರಿ ಮೇಲೆ ಕೆನೆ ಕಟ್ಟುತ್ತದೆ. ಲೆಕ್ಕ ಹೀಗೆ: ಡ್ರಮ್ಮಿನಲ್ಲಿ ಒಟ್ಟು 160 ಲೀಟರ್ ಬೇಕು, ನಿಮ್ಮ ನೀರು 18 ಡಿಗ್ರಿ ಇದೆ ಅಂದುಕೊಳ್ಳಿ. ಅದರಲ್ಲಿ 18 ಲೀಟರ್ ಮಾತ್ರ 80 ಡಿಗ್ರಿ ಬಿಸಿಯದ್ದಾದರೆ ಇಡೀ ಡ್ರಮ್ 25ಕ್ಕೆ ಬರುತ್ತದೆ. ಬಚ್ಚಲ ಹಂಡೆಯಿಂದ ಎರಡು ಬಕೆಟ್ ಅಷ್ಟೇ. ಆದರೆ ಬಣ್ಣದ ಕೆಲಸ ಹಂಡೆಯ ಒಲೆ ಹತ್ತಿರ ಬೇಡವೇ ಬೇಡ. ಟರ್ಪೆಂಟೈನ್ ಆವಿಗೆ ಕಿಡಿ ಸಾಕು. ನೀರು ಹೊತ್ತು ಹೊರಗೆ ತನ್ನಿ.

ಮೂರನೆಯದು ಕೇರಂ ಪೌಡರ್. ಅದು ಸಾಮಾನ್ಯವಾಗಿ ಬೋರಿಕ್ ಆಮ್ಲ, ಬಿಳಿಗಾರ ಅಲ್ಲ. ಬಿಳಿಗಾರದ ನೀರು ಕ್ಷಾರೀಯ, ಪಿಎಚ್ 9ರ ಮೇಲೆ. ಬೋರಿಕ್ ಆಮ್ಲದ ನೀರು ಹೆಸರೇ ಹೇಳುವಂತೆ ಆಮ್ಲೀಯ. ಈ ಕೆಲಸಕ್ಕೆ ಒಂದರ ಬದಲು ಇನ್ನೊಂದು ಆಗದು. ಬಿಳಿಗಾರ ಗ್ರಂಥಿಗೆ ಅಂಗಡಿಯಲ್ಲಿ ಕೇಳಿ, ಇಲ್ಲದಿದ್ದರೆ ಅಕ್ಕಸಾಲಿಗರಿಗೆ ಸಾಮಾನು ಮಾರುವಲ್ಲಿ ಖಂಡಿತ ಇರುತ್ತದೆ, ಬೆಸುಗೆಗೆ ಅವರಿಗೆ ಬೇಕೇ ಬೇಕು. ಲೀಟರಿಗೆ 2 ಗ್ರಾಂ ಹಿಡಿಯಿರಿ. 160 ಲೀಟರಿಗೆ 320 ಗ್ರಾಂ. ಹರಳನ್ನು ನೇರ ಡ್ರಮ್ಮಿಗೆ ಸುರಿದರೆ ತಳದಲ್ಲೇ ಕೂರುತ್ತದೆ, ಬಿಸಿನೀರಿನ ಬಕೆಟಿನಲ್ಲಿ ಪೂರ್ತಿ ಕರಗಿಸಿ ಆಮೇಲೆ ಸೇರಿಸಿ. ಕಲಕಿ, ಸುಳಿ ನಿಲ್ಲುವವರೆಗೆ ಅರ್ಧ ಗಂಟೆ ಬಿಡಿ.

ಇನ್ನು ಬಣ್ಣ. ಡಬ್ಬದಲ್ಲಿ ಇದ್ದ ಹಾಗೆ ಸುರಿಯಬೇಡಿ. ಐದು ಪಾಲು ಎನಾಮೆಲ್ಲಿಗೆ ಒಂದು ಪಾಲು ಮಿನರಲ್ ಟರ್ಪೆಂಟೈನ್ ಸೇರಿಸಿ ಶುರು ಮಾಡಿ, ಕಡ್ಡಿ ಎತ್ತಿದರೆ ಗಟ್ಟಿ ಹಾಲಿನ ಹಾಗೆ ಇಳಿಯಬೇಕು. ಹಳೇ ಡಬ್ಬವಾದರೆ ತೆಳು ಬಟ್ಟೆಯಲ್ಲಿ ಸೋಸಿ, ಕೆನೆಯ ಒಂದು ಚೂರು ಸಾಕು ನಮೂನೆಯಲ್ಲಿ ಗಂಟು ಬೀಳಲು. ಒಂದು ಹನಿ ಬಿಟ್ಟರೆ ಅಂಗೈ ಅಗಲಕ್ಕಾದರೂ ಹರಡಬೇಕು. ಎಲ್ಲ ಬಣ್ಣವೂ ಒಂದೇ ಸಮ ಹರಡುವುದಿಲ್ಲ, ಬೇರೆ ಬೇರೆ ಕಂಪನಿಯದ್ದಾದರೆ ಇನ್ನೂ ವ್ಯತ್ಯಾಸ. ಹರಡದೆ ನಿಲ್ಲುವ ಬಣ್ಣಕ್ಕೆ ಮಾತ್ರ ಇನ್ನಷ್ಟು ಟರ್ಪೆಂಟೈನ್. ಎನ್‌ಸಿ (ನೈಟ್ರೋಸೆಲ್ಯುಲೋಸ್), ಪಿಯು (ಪಾಲಿಯುರಿಥೇನ್), ಅಕ್ರಿಲಿಕ್ ಯಾವುದೂ ಬೇಡ, ಎಣ್ಣೆ ಎನಾಮೆಲ್ಲೇ ಬೇಕು.

ಸುರಿಯುವಾಗ ಪೇಪರ್ ಕಪ್ಪಿನ ಅಂಚು ನೀರಿಗೆ ಒಂದೆರಡು ಸೆಂ.ಮೀ. ಹತ್ತಿರ ಇರಲಿ. ಅಡಿ ಎತ್ತರದಿಂದ ಬಿಟ್ಟರೆ ನೀರನ್ನು ಸೀಳಿಕೊಂಡು ಒಳಗೆ ಹೋಗುತ್ತದೆ, ಹೋದದ್ದು ಮೇಲೆ ಬರುವುದಿಲ್ಲ.

ಸ್ಪ್ರೇಗನ್, ಕುಶಾಲನಗರ:

ಮರದಪುಡಿ ಅಣ್ಣ ಹೇಳಿದ್ದೆಲ್ಲ ಸರಿ, ಆದರೆ ಡ್ರಮ್ಮನ್ನು ಯಾಕೆ ಒಪ್ಪಿಕೊಂಡರೋ. ಬಾಡಿ ಹಿಡಿಸುತ್ತದೆಯೇ ಅಂತ ಮಾತ್ರ ನೋಡಿದರೆ ಸಾಲದು, ಬಣ್ಣದ ಪದರ ಸಾಕಾಗುತ್ತದೆಯೇ ಅಂತ ನೋಡಬೇಕು.

ಆ ಡ್ರಮ್ಮಿನ ಬಾಯಿ ಹೆಚ್ಚೆಂದರೆ 58 ಸೆಂ.ಮೀ. ಅಂದರೆ ನೀರಿನ ಮೇಲ್ಮೈ ಸುಮಾರು 2,640 ಚದರ ಸೆಂ.ಮೀ. ಬಾಡಿಯ ಮುಂಭಾಗ, ಹಿಂಭಾಗ, ಅಂಚು ಎಲ್ಲ ಕೂಡಿಸಿದರೆ ಸುಮಾರು 2,500. ಬಾಡಿ ಇಳಿಯುತ್ತಾ ಹೋದ ಹಾಗೆ ಸುತ್ತಲಿನ ಬಣ್ಣ ಅದಕ್ಕೆ ಅಂಟಿ ಖರ್ಚಾಗುತ್ತದೆ. ಕೆಳಭಾಗ ಗಾಢವಾಗಿ ಬರುತ್ತದೆ, ಕೊನೆಗೆ ಕತ್ತಿನ ಕಡೆ ಹೋಗುವಷ್ಟರಲ್ಲಿ ಪದರ ಹಿಗ್ಗಿ ತೆಳ್ಳಗಾಗಿ ಬಿಳಿ ಪ್ರೈಮರ್ ಇಣುಕುತ್ತದೆ. ಗಿಟಾರ್ ಹಿಡಿದವರ ಕಣ್ಣು ಬೀಳುವುದೇ ಕತ್ತಿನ ಎರಡೂ ಪಕ್ಕ ಚಾಚಿದ ಆ ಕೊಂಬುಗಳ ಮೇಲೆ.

ತೋಟದಲ್ಲಿ ಮೇಲ್ಭಾಗ ಒಡೆದ 500 ಲೀಟರಿನ ಸಿಂಟೆಕ್ಸ್ ಬಿದ್ದಿದ್ದರೆ ಅದನ್ನು ಅಡ್ಡ ಕೊಯ್ದು ಬಳಸಿ. ಬಾಯಿ 90 ಸೆಂ.ಮೀ. ಸಿಕ್ಕರೆ 6,300 ಚದರ ಸೆಂ.ಮೀ. ದಾಟುತ್ತದೆ, ಬಾಡಿಯ ಎರಡೂವರೆ ಪಟ್ಟು. ಇಲ್ಲವಾದರೆ ಹಲಗೆಯಲ್ಲಿ 90 ಉದ್ದ, 60 ಅಗಲ, 65 ಎತ್ತರದ ಪೆಟ್ಟಿಗೆ ಹೊಡೆದು ಒಳಗೆ ಕಾಫಿ ಒಣಗಿಸುವ ಟಾರ್ಪಾಲ್ ಹಾಸಿ. 300 ಲೀಟರ್ ನೀರು ಅಂದರೆ 300 ಕಿಲೋ, ಮೂಲೆಗಳಿಗೆ ಮೊಳೆ ಸಾಲದು, ಸುತ್ತ ಅಡ್ಡಪಟ್ಟಿ ಕೊಟ್ಟು ಸ್ಕ್ರೂ ಹಾಕಿ. ನೀರು 60 ಸೆಂ.ಮೀ. ಆಳ ಇರಲಿ. ಬಾಡಿ ಮುಳುಗಿದಾಗ ನೀರು ಅರ್ಧ ಅಡಿ ಏರುತ್ತದೆ ಅಂತ ಹೆದರಬೇಡಿ, ಬಾಡಿಯ ಗಾತ್ರ ನಾಲ್ಕು ಲೀಟರ್, ಸಿಂಟೆಕ್ಸಿನಲ್ಲಿ ಒಂದು ಸೆಂ.ಮೀ. ಕೂಡ ಏರದು. ಬಿಳಿಗಾರವನ್ನು ನೀರಿನ ಲೆಕ್ಕಕ್ಕೆ ಹೆಚ್ಚಿಸಿ.

ಬಣ್ಣ ಎಷ್ಟು ಬೇಕು ಅಂತ ಯಾರೂ ಹೇಳುವುದಿಲ್ಲ. 90 ಸೆಂ.ಮೀ. ಬಾಯಿಗೆ ಎಲ್ಲ ಬಣ್ಣ ಸೇರಿ 40 ಮಿಲಿ ಸಾಕು. 100 ಮಿಲಿಯ ನಾಲ್ಕು ಡಬ್ಬ ತಂದರೆ ಏಳೆಂಟು ಸಲ ಅದ್ದಬಹುದು. ಜಾಸ್ತಿ ಸುರಿದರೆ ಪದರ ದಪ್ಪವಾಗಿ ಬಾಡಿಯ ಮೇಲೆ ಸೋರುತ್ತದೆ, ಮೇಲೆ ಒಣಗಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಆಮೇಲೆ ಕ್ಲಿಯರ್ (ಮೇಲಿನ ಪಾರದರ್ಶಕ ಕೋಟ್) ಹೊಡೆದಾಗ ಅದರ ಫಲ ಕಾಣುತ್ತದೆ.

ಆರನೇ ತಂತಿ, ಮಡಿಕೇರಿ:

ಕೊಯ್ದ ಸಿಂಟೆಕ್ಸ್ ಇದೆ, ದನಕ್ಕೆ ನೀರಿಡುವುದು. ಸೋಪು ಕಂಡದ್ದಿಲ್ಲ, ಸದ್ಯ!

ಎರಡು ಪ್ರಶ್ನೆ. ಕಾಫಿಗೆ ಬೋರಾನ್ ಕೊಡಲು ತಂದ ಚೀಲ ಮನೆಯಲ್ಲಿದೆ, ಅದೇ ಬಿಳಿಗಾರ ಅಲ್ಲವೇ? ಮತ್ತೆ, ಬಾಡಿಯನ್ನು ಹಿಡಿಯುವುದು ಹೇಗೆ? ಮಲಗಿಸಿ ಅದ್ದಬೇಕೋ, ನಿಲ್ಲಿಸಿ ಅದ್ದಬೇಕೋ?

ಕಪ್ಪು ಬಂಗಾರ, ಸಿದ್ದಾಪುರ:

ಚೀಲದ ಮೇಲಿನ ಬೋರಾನ್ ಪ್ರಮಾಣ ನೋಡಿ. 10.5 ಶೇಕಡಾ ಅಂತ ಇದ್ದರೆ ಅದು ಮಣ್ಣಿಗೆ ಹಾಕುವ ಬೋರಾಕ್ಸ್, ಅಂದರೆ ಬಿಳಿಗಾರವೇ. 20 ಶೇಕಡಾ ಅಂತ ಇದ್ದರೆ ಎಲೆಗೆ ಸಿಂಪಡಿಸುವ ಆಕ್ಟಾಬೋರೇಟ್, ಬೇರೆ ಲವಣ, ಅದನ್ನು ಬಿಡಿ. ಗೊಬ್ಬರದ ದರ್ಜೆಯದ್ದರಲ್ಲಿ ಮಣ್ಣು, ಕಸ ಇರಬಹುದು. ಕರಗಿಸಿ, ಬಟ್ಟೆಯಲ್ಲಿ ಸೋಸಿ, ರಾತ್ರಿ ಇಟ್ಟು ಮೇಲಿನ ತಿಳಿ ಮಾತ್ರ ಬಳಸಿ.

ಮುಗಿದ ಮೇಲೆ ಆ ನೀರನ್ನು ಏನು ಮಾಡುತ್ತೀರಿ ಅನ್ನುವುದು ನನಗೆ ಮುಖ್ಯ. ತೋಡಿಗೆ ಬಿಡಬೇಡಿ, ನಮ್ಮ ತೋಡೆಲ್ಲ ಕೊನೆಗೆ ಹೊಳೆಗೇ. ಬಣ್ಣದ ಪದರವನ್ನು ಹಳೇ ಪೇಪರಿನಲ್ಲಿ ಪೂರ್ತಿ ಎತ್ತಿ ತೆಗೆಯಿರಿ. ಉಳಿದ ನೀರಲ್ಲಿ, ನೀವು 350 ಲೀಟರ್ ಮಾಡಿದ್ದರೆ, 700 ಗ್ರಾಂ ಬಿಳಿಗಾರ, ಅಂದರೆ ಸುಮಾರು 75 ಗ್ರಾಂ ಬೋರಾನ್ ಇರುತ್ತದೆ. ಬೋರಾನ್ ಗಿಡಕ್ಕೆ ಬೇಕು, ಆದರೆ ಬೇಕಾದದ್ದಕ್ಕೂ ವಿಷಕ್ಕೂ ಅಂತರ ಬಹಳ ಕಮ್ಮಿ. ಇಡೀ ಟ್ಯಾಂಕ್ ಒಂದೇ ಕಡೆ ಚೆಲ್ಲಿದರೆ ಅಲ್ಲಿನ ಗಿಡದ ಎಲೆಯ ತುದಿ ಅಂಚು ಸುಟ್ಟು ಹೋಗುತ್ತದೆ. ಕಾಫಿ, ಮೆಣಸಿನ ಬುಡಕ್ಕಂತೂ ಬೇಡ. ಬಾವಿಯಿಂದ, ತೋಡಿನಿಂದ ದೂರ ಖಾಲಿ ಜಾಗದಲ್ಲಿ ಸ್ವಲ್ಪ ಸ್ವಲ್ಪವಾಗಿ ಅಗಲಕ್ಕೆ ಹರಡಿ. ಇಲ್ಲದಿದ್ದರೆ ಮುಚ್ಚಿಟ್ಟುಕೊಳ್ಳಿ, ಅದೇ ನೀರನ್ನು ಸೋಸಿ ಮತ್ತೆ ಬಳಸಬಹುದು. ಮತ್ತೆ ಆ ದನದ ತೊಟ್ಟಿಯನ್ನು ಇನ್ನು ದನಕ್ಕೆ ಇಡಬೇಡಿ.

ಬಣ್ಣ ಹೀರಿದ ಪೇಪರನ್ನು ಮುದ್ದೆ ಮಾಡಿ ಮೂಲೆಗೆ ಎಸೆಯುವುದೂ ತಪ್ಪು. ಎಣ್ಣೆ ಬಣ್ಣ ಒಣಗುವಾಗ ಬಿಸಿಯಾಗುತ್ತದೆ, ರಾಶಿಯೊಳಗೆ ಆ ಬಿಸಿ ಕೂಡಿಕೊಂಡರೆ ತಾನಾಗಿ ಹೊತ್ತಿಕೊಳ್ಳುವುದುಂಟು. ಕಣದಲ್ಲಿ ಒಂದೊಂದಾಗಿ ಬಿಡಿಸಿ ಒಣಗಿಸಿ.

ಮರದಪುಡಿ, ಗೋಣಿಕೊಪ್ಪ:

ಸ್ಪ್ರೇಗನ್ ಹೇಳಿದ ವಿಸ್ತೀರ್ಣದ ಲೆಕ್ಕ ಒಪ್ಪಿದೆ, ಡ್ರಮ್ ಬರೀ ಪ್ಲೈ ಚೂರಿನ ಅಭ್ಯಾಸಕ್ಕೆ ಇರಲಿ.

ಹಿಡಿಕೆ: ಎರಡೂವರೆ ಅಡಿ ಉದ್ದದ ಗಟ್ಟಿ ರೀಪರ್ (ಮರದ ಪಟ್ಟಿ) ಒಂದನ್ನು ಕತ್ತಿನ ಪಾಕೆಟ್ಟಿಗೆ, ಅಂದರೆ ಕತ್ತು ಕೂರುವ ತಗ್ಗಿಗೆ, ಅದರ ನಾಲ್ಕೂ ಸ್ಕ್ರೂ ತೂತಿನಿಂದಲೇ ಬಿಗಿಯಿರಿ. ಎರಡು ಸ್ಕ್ರೂ ಸಾಲದು. ಮರ ತೇಲುತ್ತದಲ್ಲ, ಮುಳುಗಿಸುವಾಗ ಸುಮಾರು ಎರಡು ಕಿಲೋ ಬಲದಲ್ಲಿ ನಿಮ್ಮನ್ನು ಮೇಲಕ್ಕೆ ನೂಕುತ್ತದೆ. ಸಡಿಲ ಹಿಡಿಕೆಯಾದರೆ ಅರ್ಧದಲ್ಲಿ ಬಾಡಿ ತಿರುಗುತ್ತದೆ, ತಿರುಗಿದ ಕಡೆ ನಮೂನೆ ಮುರಿದ ಗೆರೆ ಬೀಳುತ್ತದೆ.

ಪಿಕಪ್ ಗುಂಡಿ, ಹಿಂದಿನ ಸ್ಪ್ರಿಂಗ್ ಗುಂಡಿ, ಜ್ಯಾಕ್ ತೂತು ಇವನ್ನು ಖಾಲಿ ಬಿಟ್ಟು ಅದ್ದಿದರೆ ಒಳಗಿನ ಗಾಳಿ ಗುಳುಗುಳು ಅಂತ ಹೊರಬಂದು ಬಣ್ಣದ ಪದರವನ್ನು ಒಡೆಯುತ್ತದೆ. ಗುಂಡಿಯ ಒಳಗೆ ಥರ್ಮಾಕೋಲ್ ಚೂರು ಬಿಗಿಯಾಗಿ ತುಂಬಿ, ಮೇಲೆ ಟೇಪನ್ನು ಮೇಲ್ಮೈಗಿಂತ ಒಂದೆರಡು ಮಿ.ಮೀ. ತಗ್ಗಿನಲ್ಲಿ ಅಂಟಿಸಿ. ಸಣ್ಣ ಸ್ಕ್ರೂ ತೂತುಗಳಿಗೆ ತೆಂಗಿನ ಪೊರಕೆ ಕಡ್ಡಿ ಮುರಿದು ಚುಚ್ಚಿ. ಮೇಣ ಬೇಡ, ಮೇಣ ಸವರಿದ ಜಾಗಕ್ಕೆ ಬಣ್ಣವೂ ಹಿಡಿಯದು, ಕ್ಲಿಯರೂ ಹಿಡಿಯದು. ಪ್ರೈಮರ್ ಮುಟ್ಟದ ಬರೀ ಮರ ಎಲ್ಲಿಯೂ ನೀರಿಗೆ ಕಾಣಬಾರದು. ಸಿಲ್ವರ್ ಓಕ್ ನೀರು ಕುಡಿದರೆ ಆ ಜಾಗದ ನಾರು ಎದ್ದು ಆಮೇಲೆ ಪೇಂಟಿನ ಅಂಚು ಬಿರಿಯುತ್ತದೆ.

ಅದ್ದುವುದು ನಿಲ್ಲಿಸಿಯೇ. ಮಲಗಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡು ಮುಖದ ಮಧ್ಯದಲ್ಲೇ ಬಿಳಿ ಬೊಕ್ಕೆ ಬೀಳುತ್ತದೆ. ಹೆಗಲ ಪಟ್ಟಿ ಸಿಕ್ಕಿಸುವ ಬಟನ್ ಇರುವ ಕೆಳಗಿನ ಅಂಚು ಮೊದಲು ನೀರಿಗೆ, ಮುಖವನ್ನು ನೀರಿನ ಕಡೆಗೆ ತುಸು ವಾಲಿಸಿ.

ಈಗ ಕೈ ಕೆಲಸ. ಇಬ್ಬರು ಬೇಕು. ಮೊದಲು ಅಡಿಪಾಯದ ಬಣ್ಣ ಸುರಿಯಿರಿ, ಮೇಲೆ ಉಳಿದವು, ನಾಲ್ಕೈದು ಕಡೆ ಒಂದರ ನಡುವೆ ಒಂದು. ಆಮೇಲೆ ಬಿದ್ದ ಬಣ್ಣ ಮೊದಲಿನದ್ದನ್ನು ಒತ್ತಿ ಸಣ್ಣ ಎಳೆಗಳನ್ನಾಗಿ ಮಾಡುತ್ತದೆ. ಹಾಗಾಗಿ ಯಾವುದು ಗೆರೆಯಾಗಿ ಕಾಣಬೇಕೋ, ಸಾಮಾನ್ಯವಾಗಿ ಕಪ್ಪು, ಅದು ಮೊದಲು. ಯಾವುದು ಅಗಲವಾಗಿ ಕಾಣಬೇಕೋ ಅದು ಕೊನೆಗೆ. ಹಳೇ ಲೆಕ್ಕದ ಪುಸ್ತಕದ ರಟ್ಟಿನ ಮೇಲೆ ಸುಳಿ ಸುಳಿ ಕಾಗದ ಇರುತ್ತಿತ್ತಲ್ಲ, ತತ್ವ ಅದೇ. ಪೊರಕೆ ಕಡ್ಡಿ ಒಂದನ್ನು ತುದಿ ಮಾತ್ರ ತಾಗಿಸಿ ಎಳೆಯಿರಿ. ಐದಾರು ಗೀಟು, ಸಾಕು. ಎಲ್ಲರೂ ಕೆಡಿಸುವುದು ಇಲ್ಲಿ: ಇನ್ನೊಂದು, ಇನ್ನೊಂದು ಅಂತ ಎಳೆದು ಕೊನೆಗೆ ಕೆಸರು ಬಣ್ಣ. ಸುರಿಯಲು ಶುರು ಮಾಡಿದಲ್ಲಿಂದ ಅದ್ದುವವರೆಗೆ ಎರಡು ನಿಮಿಷ ಮೀರಬಾರದು. ಕಡ್ಡಿ ಎಳೆದಾಗ ಬಣ್ಣ ಹರಿಯದೆ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಕಡ್ಡಿಯ ಹಿಂದೆ ಬಂದರೆ ಹೊತ್ತು ಮೀರಿದೆ. ಪೇಪರಿನಲ್ಲಿ ಎತ್ತಿ ಬಿಸಾಡಿ ಮೊದಲಿಂದ.

ಇಳಿಸುವ ವೇಗ ಸೆಕೆಂಡಿಗೆ ಎರಡು ಸೆಂ.ಮೀ., ಅಂದರೆ ಪೂರ್ತಿ ಬಾಡಿಗೆ 20 ಸೆಕೆಂಡ್. ನಡುವೆ ನಿಲ್ಲಿಸಿದರೆ ನಿಂತಲ್ಲಿ ಅಡ್ಡ ಗೆರೆ. ಕೊಂಬುಗಳೂ ಮುಳುಗಿದ ಮೇಲೆ ಕೈ ಬಿಡಬೇಡಿ, ಒಳಗೇ ಒತ್ತಿ ಹಿಡಿದುಕೊಳ್ಳಿ. ಜೊತೆಯವರು ಪೇಪರಿನ ಪಟ್ಟಿಯಿಂದ ಮೇಲೆ ಉಳಿದ ಬಣ್ಣವನ್ನೆಲ್ಲ ಒಂದು ಕಡೆಗೆ ಎಳೆದು ತೆಗೆಯಬೇಕು. ನೀರು ಕನ್ನಡಿಯ ಹಾಗೆ ಕಂಡ ಮೇಲೆಯೇ ಎತ್ತುವುದು. ಅದನ್ನು ಬಿಟ್ಟರೆ ಬರುವಾಗ ಎರಡನೇ ಪದರ ಹತ್ತಿ ಮೊದಲಿನ ನಮೂನೆ ಮುಚ್ಚಿ ಹೋಗುತ್ತದೆ.

ಹೊರಗೆ ಬಂದ ಕೂಡಲೇ ಶುದ್ಧ ತಣ್ಣೀರನ್ನು ಮೇಲಿಂದ ನಿಧಾನ ಹರಿಯಬಿಟ್ಟು ಬಿಳಿಗಾರ ತೊಳೆಯಿರಿ, ಉಳಿದರೆ ಒಣಗಿದ ಮೇಲೆ ಬಿಳಿ ಹುಡಿ ಕೂರುತ್ತದೆ. ಪೈಪಿನ ರಭಸ ಬೇಡ. ಮುಟ್ಟದೆ ತೂಗುಹಾಕಿ. ನೀರ ಹನಿಯನ್ನು ಬಟ್ಟೆಯಲ್ಲಿ ಒರೆಸುವ ಆಸೆ ಬರುತ್ತದೆ, ಬಾಯಲ್ಲಿ ಊದಿ ಸಾಕು.

ಸ್ಪ್ರೇಗನ್, ಕುಶಾಲನಗರ:

ಅದ್ದುವುದು ಅರ್ಧ ಗಂಟೆಯ ಕೆಲಸ, ಕೊಡಗಿನಲ್ಲಿ ಒಣಗಿಸುವುದೇ ಕೆಲಸ. ಎನಾಮೆಲ್ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುವಂಥದ್ದು. ಚಳಿ, ತೇವ ಎರಡೂ ಅದನ್ನು ನಿಧಾನ ಮಾಡುತ್ತವೆ. ಡಬ್ಬದ ಮೇಲೆ 24 ಗಂಟೆ ಅಂತ ಬರೆದದ್ದು ಮುಟ್ಟಲು, ಮೇಲೆ ಕ್ಲಿಯರ್ ಹೊಡೆಯಲು ಅಲ್ಲ. ಬೇಸಿಗೆಯಲ್ಲಿ ಎರಡು ವಾರ, ಮಡಿಕೇರಿ ಮಳೆಗಾಲದಲ್ಲಿ ತಿಂಗಳು. ಮೊದಲ ಎರಡು ದಿನ ಗಾಳಿಯಾಡುವಲ್ಲಿ ತೂಗಲಿ, ಟರ್ಪೆಂಟೈನ್ ವಾಸನೆ ಹೋದ ಮೇಲೆ ಬೀರುವಿನೊಳಗೆ ತೂಗುಹಾಕಿ ಕೆಳಗೆ 60 ವಾಟಿನ ಹಳೇ ಬಲ್ಬ್ ಉರಿಸಿಟ್ಟರೆ ತೇವ ಹತ್ತಿರ ಬರದು. ಎಲ್‌ಇಡಿ ಬಲ್ಬಿಗೆ ಆ ಬಿಸಿ ಇಲ್ಲ. ಅಡುಗೆಮನೆಯ ಒಲೆ ಮೇಲಿನ ಅಟ್ಟ ಬೇಡ, ಮಸಿಯೂ ಜಿಡ್ಡೂ ಕೂರುತ್ತದೆ.

ಎರಡು ಘಟಕದ ಪಿಯು ಕ್ಲಿಯರ್ ಚಂದ, ಆದರೆ ಅದರ ಥಿನ್ನರ್ ಕಾರ. ಅರೆ ಒಣಗಿದ ಎನಾಮೆಲ್ ಮೇಲೆ ಬಿದ್ದರೆ ಹತ್ತು ನಿಮಿಷದಲ್ಲಿ ಹಲಸಿನ ಹಪ್ಪಳದ ಹಾಗೆ ಸುಕ್ಕು ಏಳುತ್ತದೆ, ಅದಕ್ಕೆ ಮದ್ದಿಲ್ಲ, ಪೂರ್ತಿ ಕೆರೆದು ತೆಗೆಯಬೇಕು. ಹಾಗಾಗಿ ಅದೇ ದಿನ ಅದೇ ನೀರಲ್ಲಿ ಒಂದು ಪ್ಲೈ ಚೂರನ್ನೂ ಅದ್ದಿ ಬಾಡಿಯ ಪಕ್ಕದಲ್ಲೇ ಒಣಗಿಸಿ. ಕ್ಲಿಯರಿನ ಥಿನ್ನರ್ ಅದ್ದಿದ ಬಟ್ಟೆಯನ್ನು ಅದರ ಮೇಲೆ ಒಂದು ನಿಮಿಷ ಇಡಿ. ಉಬ್ಬಿದರೆ ಇನ್ನೊಂದು ವಾರ. ಉಬ್ಬದಿದ್ದರೆ ಮೊದಲು ಎರಡು ಕೋಟ್ ಮಂಜಿನ ಹಾಗೆ ಒಣಗೊಣಗಾಗಿ, ಅರ್ಧ ಗಂಟೆ ಬಿಟ್ಟು ಆಮೇಲೆ ಹಸಿ ಕೋಟ್ ಮೂರು. ಬಣ್ಣಗಳು ಒಂದರ ಮೇಲೊಂದು ಮಡಿಚಿದಲ್ಲಿ ಏಣು ಇರುತ್ತದೆ, ಅದನ್ನು ಕ್ಲಿಯರಿನಲ್ಲೇ ಮುಚ್ಚಬೇಕು. ಎನಾಮೆಲ್ಲಿಗೆ ಉಜ್ಜುವ ಪೇಪರ್ ತಾಗಿಸಿದರೆ ನಮೂನೆ ಹೋಯಿತು. ವಾರ ಬಿಟ್ಟು 1000, 1500, 2000 ವಾಟರ್ ಪೇಪರ್, ಕೊನೆಗೆ ಹೊಳಪು ಕೊಡುವ ರಬ್ಬಿಂಗ್ ಕಾಂಪೌಂಡ್.

ಪಿಯು ಕ್ಲಿಯರಿಗೆ ಬೆರೆಸುವ ಹಾರ್ಡನರಿನಲ್ಲಿ ಐಸೊಸಯನೇಟ್ ಎಂಬ ಉಸಿರಿಗೆ ಕೆಟ್ಟ ರಾಸಾಯನಿಕ ಇರುತ್ತದೆ, ಬಟ್ಟೆ ಮಾಸ್ಕು, ಕೋವಿಡ್ ಮಾಸ್ಕು ಅದಕ್ಕೆ ಲೆಕ್ಕಕ್ಕೇ ಇಲ್ಲ. ಸರಿಯಾದ ಉಸಿರಾಟದ ಸಾಧನ ಇಲ್ಲದಿದ್ದರೆ ಕಾರು ಪೇಂಟ್ ಮಾಡುವ ವರ್ಕ್‌ಶಾಪಿಗೆ ಕೊಡಿ. ಯಾವುದೋ ಬಂಪರಿಗೆ ಕ್ಲಿಯರ್ ಕಲಸಿದ ದಿನ ಅದರ ಜೊತೆಗೇ ನಿಮ್ಮದನ್ನೂ ಹೊಡೆದು ಕೊಡುತ್ತಾರೆ. ಹಿಡಿಕೆ ಬಿಚ್ಚದೆ ಕೊಂಡುಹೋಗಿ. ಕತ್ತಿನ ಪಾಕೆಟ್ಟಿನ ಟೇಪು ತೆಗೆಯಬೇಡಿ ಅಂತ ಬಾಯಿಬಿಟ್ಟು ಹೇಳಿ, ಅಲ್ಲಿ ಕ್ಲಿಯರ್ ತುಂಬಿದರೆ ಕತ್ತು ಕೂರುವುದಿಲ್ಲ.

ಆರನೇ ತಂತಿ, ಮಡಿಕೇರಿ:

ಚೀಲದಲ್ಲಿ 10.5 ಅಂತಲೇ ಇದೆ. ಸೋಸಿ, 25 ಡಿಗ್ರಿಗೆ ತಂದು ಪ್ಲೈ ಚೂರು ಅದ್ದಿದೆ. ಹರಡಿತು! ಬಿಳಿ ಮಾತ್ರ ಸ್ವಲ್ಪ ಸೋಮಾರಿ. ಒಂದೆಡೆ ಗಾಳಿಗುಳ್ಳೆ ಒಡೆದು ಕಡಲೆಕಾಳಿನಷ್ಟು ತೂತು ಬಿದ್ದಿದೆ. ಬಾಡಿಯಲ್ಲಿ ಹೀಗಾದರೆ ಮತ್ತೆ ಅದ್ದಬೇಕೇ?

ಮರದಪುಡಿ, ಗೋಣಿಕೊಪ್ಪ:

ಬೇಡ. ಅದ್ದಿದ ದಿನ ಉಳಿದ ಬಣ್ಣವನ್ನು ಸಣ್ಣ ಬಾಟಲಿಗಳಲ್ಲಿ ಮುಚ್ಚಿಟ್ಟಿರಿ. ಎರಡು ದಿನ ಕಳೆದ ಮೇಲೆ ಸೊನ್ನೆ ನಂಬರ್ ಕುಂಚದಲ್ಲಿ, ಪಕ್ಕದ ಗೆರೆ ಎತ್ತ ಹೋಗುತ್ತಿದೆಯೋ ಅತ್ತಲೇ ಎಳೆದು ತುಂಬಿ. ಸುಳಿಯಲ್ಲಿ ತೇಪೆ ಯಾರಿಗೂ ಕಾಣದು. ತೂತು ಹೆಬ್ಬೆರಳಿಗಿಂತ ದೊಡ್ಡದಾದರೆ, ಬಣ್ಣ ಇನ್ನೂ ಹಸಿ ಇರುವಾಗಲೇ ಇಡೀ ಬಾಡಿಯನ್ನು ಟರ್ಪೆಂಟೈನ್ ಬಟ್ಟೆಯಲ್ಲಿ ಒರೆಸಿ ತೆಗೆದು, ಮರುದಿನ ಹೊಸದಾಗಿ ಅದ್ದಿ. ಬಿಳಿಗೆ ಇನ್ನೊಂದು ಚಮಚ ಟರ್ಪೆಂಟೈನ್ ಹಾಕಿ, ಹನಿ ಬಿಟ್ಟು ನೋಡಿ, ಆಮೇಲೆಯೇ ಬಾಡಿ ಎತ್ತಿಕೊಳ್ಳಿ.